ಮೇಣದ ಕಾಗದ ಬಿಚ್ಚಿದ ಮಧ್ಯಾಹ್ನ

ಷಿಕಾಗೋದಲ್ಲಿ ಒಂದು ವಾರ ಇದ್ದೆ. ಸರೋವರ, ಎತ್ತರದ ಕಟ್ಟಡಗಳು ಎಲ್ಲ ನೋಡಿದ್ದಾಯಿತು. ಆದರೆ ಊರಿಗೆ ಬಂದ ಮೇಲೂ ನೆನಪಾಗುತ್ತಿರುವುದು 1987ರ ಒಂದು ಬಬಲ್ ಗಮ್ ಪೊಟ್ಟಣ.

2025ರ ಜುಲೈ ಕೊನೆಗೆ, ಓಹೇರ್ ವಿಮಾನ ನಿಲ್ದಾಣದ ಹತ್ತಿರದ ರೋಸ್‌ಮಾಂಟ್‌ನಲ್ಲಿ 'ದಿ ನ್ಯಾಷನಲ್' ನಡೆಯಿತು. ಗಮ್ ಪೊಟ್ಟಣಗಳಲ್ಲಿ ಬರುತ್ತಿದ್ದಂಥ, ಆಟಗಾರರ ಚಿತ್ರವಿರುವ ಕಾರ್ಡ್ ಕೂಡಿಡುವವರ ದೊಡ್ಡ ಜಾತ್ರೆ ಅದು. 1980ರಲ್ಲಿ ಶುರುವಾಯಿತಂತೆ. ಭಾವ ಎರಡು ದಿನ ಕರೆದುಕೊಂಡು ಹೋದರು.

ಬಿಡಿ ಕಾರ್ಡಿನ ಅಂಗಡಿಗಳು ನನಗೆ ಹಿಡಿಸಲಿಲ್ಲ. ಗಟ್ಟಿ ಪ್ಲಾಸ್ಟಿಕ್ಕಿನೊಳಗೆ ಕೂತ ಕಾರ್ಡುಗಳೆಲ್ಲ ಒಂದೇ ಥರ ಕಾಣುತ್ತವೆ. ನನ್ನ ಕಾಲು ನಿಂತಿದ್ದು ಬಿಚ್ಚದ ಡಬ್ಬಿಗಳ ಮುಂದೆ. 1986ರ ಫ್ಲೀರ್ ಕಂಪನಿಯ ಬ್ಯಾಸ್ಕೆಟ್‌ಬಾಲ್ ಡಬ್ಬಿಯಲ್ಲಿ 36 ಪೊಟ್ಟಣ. ಒಂದೊಂದರಲ್ಲಿ 12 ಕಾರ್ಡು, ಒಂದು ಸ್ಟಿಕರ್, ಒಂದು ಗಮ್. ಒಳಗೆ ಮೈಕಲ್ ಜೋರ್ಡಾನ್‌ನ ಎಲ್ಲರೂ ಹುಡುಕುವ 57ನೇ ನಂಬರ್ ಕಾರ್ಡ್ ಇರಬಹುದು, ಇಲ್ಲದೆಯೂ ಇರಬಹುದು. ಬಿಚ್ಚಿದರೆ ಆ 'ಇರಬಹುದು' ಮುಗಿಯಿತು. ಕೆನಡಾದ ರೆಜೈನಾದಲ್ಲಿ ಹೀಗೇ ಬಿಚ್ಚದೆ ಉಳಿದಿದ್ದ 1979-80ರ ಐಸ್ ಹಾಕಿ ಕಾರ್ಡುಗಳ 16 ಡಬ್ಬಿಗಳು 2024ರಲ್ಲಿ 37 ಲಕ್ಷ ಡಾಲರಿಗೂ ಜಾಸ್ತಿ ಬೆಲೆಗೆ ಹರಾಜಾದವು.

ದಾವಣಗೆರೆಯಲ್ಲಿ ನಾವು ಬಿಗ್ ಫನ್ ಗಮ್ ಕೈಗೆ ಬಂದ ಕ್ಷಣವೇ ಹರಿಯುತ್ತಿದ್ದೆವು. ಕ್ರಿಕೆಟಿಗರ ಚಿತ್ರ ಜೇಬಿಗೆ, ಕಾಗದ ಚರಂಡಿಗೆ. ಆ ಕಾಗದವನ್ನು ಇಷ್ಟು ಜೋಪಾನ ಮಾಡುವವರಿದ್ದಾರೆ ಅಂತ ಯಾರಿಗೆ ಗೊತ್ತಿತ್ತು?

ಮೊದಲ ದಿನವೇ ಒಂದು ಅಂಗಡಿಯಲ್ಲಿ 1981ರ ಅಮೆರಿಕನ್ ಫುಟ್‌ಬಾಲ್ ಪೊಟ್ಟಣಕ್ಕೆ 120 ಡಾಲರ್ ಕೊಟ್ಟಿದ್ದೆ. ಆ ಆಟದ ಹೆಸರಾಂತ ಆಟಗಾರ ಜೋ ಮೊಂಟಾನಾನ ಕಾರ್ಡ್ ಸಿಗಬಹುದು ಎಂಬ ಆಸೆ. ಮಾರನೆಯ ದಿನ, ಹಳೇ ಪೊಟ್ಟಣಗಳನ್ನೇ ಇಟ್ಟುಕೊಂಡಿದ್ದ ಒಬ್ಬ ಅಜ್ಜನಿಗೆ ಅದನ್ನು ತೋರಿಸಿದೆ. ಅವರು ಮಗುಚಿ, ಹಿಂಬದಿಯಲ್ಲಿ ಮೇಣದಿಂದ ಅಂಟಿಸಿದ್ದ ಕಾಗದದ ಮಡಿಕೆ ನೋಡಿದರು. ತುಂಬಾ ಹೊತ್ತು ಮಾತಾಡಲಿಲ್ಲ.

"ಮೇಣದ ಗೆರೆ ಎರಡಿದೆ ನೋಡಿ," ಅಂದರು. "ಒಂದು ಕಾರ್ಖಾನೆಯದು. ಇನ್ನೊಂದು ಇಸ್ತ್ರಿಪೆಟ್ಟಿಗೆಯದು."

ಯಾರೋ ಬಿಚ್ಚಿ, ಒಳ್ಳೆಯ ಕಾರ್ಡ್ ತೆಗೆದುಕೊಂಡು, ಮತ್ತೆ ಬಿಸಿ ಮಾಡಿ ಅಂಟಿಸಿದ್ದರು. ವಾಪಸ್ ಹೋದರೆ ಆ ಅಂಗಡಿ ಎದ್ದು ಹೋಗಿತ್ತು. ಇವತ್ತಿಗೂ ಹೊಟ್ಟೆ ಉರಿಯುತ್ತದೆ. ನೀವು ಹೋದರೆ ದುಡ್ಡು ಕೊಡುವ ಮುಂಚೆ ಪೊಟ್ಟಣದ ಬೆನ್ನು ನೋಡಿ. ಬಿಡಿ ಪೊಟ್ಟಣ ಕೊಳ್ಳುವುದಾದರೆ, ಪರಿಣಿತರು ಪರೀಕ್ಷಿಸಿ ಮುದ್ರೆ ಹಾಕಿದ್ದನ್ನೇ ಕೊಳ್ಳಿ.

ನನ್ನ ಮುಖ ನೋಡಿ ಅಜ್ಜ ಮೇಜಿನ ಕೆಳಗಿಂದ 1987ರ ಟಾಪ್ಸ್ ಕಂಪನಿಯ ಬೇಸ್‌ಬಾಲ್ ಪೊಟ್ಟಣ ಒಂದನ್ನು ತೆಗೆದರು. ಆ ವರ್ಷ ಲೆಕ್ಕವಿಲ್ಲದಷ್ಟು ಅಚ್ಚಾಗಿತ್ತು, ಅದಕ್ಕೇ ಬೆಲೆಯಿಲ್ಲ.

"ಅಸಲಿ ಮೇಣ ಹೇಗೆ ಬಿಡುತ್ತೆ ಅಂತ ಬೆರಳಿಗೆ ಗೊತ್ತಾಗಬೇಕು. ನೀವೇ ಬಿಚ್ಚಿ."

"ಹರಿದುಬಿಟ್ಟರೆ?"

"ಅವಸರ ಮಾಡಬೇಡಿ. ಮೂವತ್ತೆಂಟು ವರ್ಷ ಕಾದಿದೆ, ಇನ್ನೆರಡು ನಿಮಿಷ ಕಾಯುತ್ತೆ."

ಮಡಿಕೆಯ ಕೆಳಗೆ ಉಗುರು ತೂರಿಸಿದೆ. ಸಣ್ಣಗೆ ಚಟ್ ಅಂದಿತು. ಮೇಣ ಪುಡಿಯಾಗಿ ಉದುರಿತು. ಒಳಗೆ ಮರದ ಹಲಗೆಯ ಬಣ್ಣದ ಅಂಚಿರುವ 17 ಕಾರ್ಡುಗಳು. ಗಮ್ ಮುಟ್ಟಿದರೆ ಗಾಜಿನಂತೆ ಮುರಿಯಿತು. ಅದರ ಪಕ್ಕದ ಕಾರ್ಡಿನ ಮೇಲೆ ಅದೇ ಅಳತೆಯ ಕಂದು ಕಲೆ. ಮೂಗಿನ ಹತ್ತಿರ ಹಿಡಿದೆ. ಸಿಹಿ ಇನ್ನೂ ಉಳಿದಿತ್ತು! ಭಾವನಿಗೂ ಕೊಟ್ಟೆ. ಅವರೂ ಕಣ್ಣು ಮುಚ್ಚಿ ಮೂಸಿದರು.

ಕಾರ್ಡುಗಳನ್ನು ಅಲ್ಲೇ ನಿಂತು ನೋಡುತ್ತಿದ್ದ ಒಬ್ಬ ಹುಡುಗನಿಗೆ ಕೊಟ್ಟೆ. ಕಾಗದವನ್ನು ಅಜ್ಜ ಹಳೇ ಗೆರೆಗಳ ಮೇಲೇ ಮಡಿಚಿ ನನ್ನ ಕೈಗಿಟ್ಟರು. ಪಾಸ್‌ಪೋರ್ಟಿನೊಳಗೆ ಇಟ್ಟು ತಂದಿದ್ದೇನೆ.