ಇಸವಿಯನ್ನು ಕೊನೆಗೆ ಕೇಳಬೇಕು

ಹಾಸನದಲ್ಲಿದ್ದುಕೊಂಡು, ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಹಿರಿಯರ ನೆನಪುಗಳನ್ನು ಅವರ ಪರವಾಗಿ ಬರೆದುಕೊಡುವುದು ನನ್ನ ವೃತ್ತಿ. ಇದಕ್ಕೆ ಮೊದಲು ಮುದ್ರಣಾಲಯವೊಂದರಲ್ಲಿ ಕರಡು ತಿದ್ದುತ್ತಿದ್ದೆ. ತಂದೆಗೆ ಎಂಬತ್ತು ತುಂಬುತ್ತದೆ, ಅವರ ಜೀವನದ ಕುರಿತು ಒಂದು ಪುಸ್ತಕ ಆಗಬೇಕು ಎಂದು ಅಲ್ಲಿಗೆ ಬರುತ್ತಿದ್ದ ಮಕ್ಕಳ ಕೈಯಲ್ಲಿ ಸಾಮಾನ್ಯವಾಗಿ ಇರುತ್ತಿದ್ದುದು ಕೆಲವು ಹಾಳೆಗಳ ಟಿಪ್ಪಣಿ ಮತ್ತು ಒಂದು ಕಂತೆ ಫೋಟೋ ಮಾತ್ರ. ಉಳಿದುದನ್ನು ಯಾರಾದರೂ ಆ ಹಿರಿಯರ ಎದುರು ಕುಳಿತು ಕೇಳಿ ಬರೆಯಬೇಕಾಗಿತ್ತು. ಆ ಕೆಲಸ ಕ್ರಮೇಣ ನನ್ನ ಪಾಲಿಗೆ ಬಂದು, ಈಗ ಅದೇ ಹೊಟ್ಟೆಪಾಡಾಗಿದೆ. ಇಂಥ ಪುಸ್ತಕಗಳು ಅಚ್ಚಾಗುವುದು ನೂರೋ ಇನ್ನೂರೋ ಪ್ರತಿ. ಅಂಗಡಿಗೆ ಹೋಗುವುದಿಲ್ಲ, ವಿಮರ್ಶೆಗೆ ಒಳಗಾಗುವುದಿಲ್ಲ, ನೆಂಟರಿಷ್ಟರ ಮನೆಗಳ ಕಪಾಟಿನಲ್ಲಿ ಉಳಿಯುತ್ತವೆ. ಆದರೆ ಆ ನೆಂಟರಿಷ್ಟರಷ್ಟು ಕಟ್ಟುನಿಟ್ಟಾದ ಓದುಗರು ಬೇರೆ ಸಿಗಲಾರರು, ಏಕೆಂದರೆ ಆ ಮನೆಯ ಹಸುವಿನ ಬಣ್ಣವೂ ಅವರಿಗೆ ಗೊತ್ತಿರುತ್ತದೆ.

ಈ ಕೆಲಸಕ್ಕೆ ಹೊಸದಾಗಿ ಬರುವವರು ನನ್ನನ್ನು ಕೇಳುವ ಮೊದಲ ಪ್ರಶ್ನೆ, ಹಿರಿಯರನ್ನು ಮಾತಿಗೆ ಎಳೆಯುವುದು ಹೇಗೆ ಎಂಬುದು. ಮಾತಿಗೆ ಎಳೆಯುವುದು ಕಷ್ಟವೇ ಅಲ್ಲ. ಅವರು ಈಗಾಗಲೇ ನೂರು ಸಲ ಹೇಳಿ ಹೇಳಿ ನಯವಾಗಿರುವ ಮಾತಿನಿಂದ ಆಚೆಗೆ ಹೋಗುವುದು ಕಷ್ಟ. ಹೇಮಾವತಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಊರು ಕಳೆದುಕೊಂಡವರನ್ನು "ಊರು ಬಿಟ್ಟಾಗ ನಿಮಗೆ ಏನನ್ನಿಸಿತು?" ಎಂದು ಕೇಳಿ ನೋಡಿ. "ಏನ್ ಹೇಳೋದು ಕಣಮ್ಮ, ಕರುಳು ಕಿತ್ತು ಬಂದಂಗಾಯ್ತು" ಎನ್ನುತ್ತಾರೆ. ಅದು ಸುಳ್ಳಲ್ಲ, ಆದರೆ ಪಕ್ಕದ ಮನೆಯವರೂ ಅದನ್ನೇ ಹೇಳುತ್ತಾರೆ, ಮತ್ತು ಆ ವಾಕ್ಯದಿಂದ ಮುಂದಿನ ವಾಕ್ಯ ಹುಟ್ಟುವುದಿಲ್ಲ. ಹಾಗೆ ಹೇಳಿದ ಅಜ್ಜಿಯೊಬ್ಬರನ್ನೇ "ಬಸ್ಸಿನಿಂದ ಇಳಿದರೆ ನಿಮ್ಮ ಹಳೆಯ ಮನೆಗೆ ಹೇಗೆ ಹೋಗಬೇಕಿತ್ತು?" ಎಂದು ಕೇಳಿದಾಗ, ಅವರು ಕಣ್ಣು ಮುಚ್ಚಿಕೊಂಡು, ಬಲಕ್ಕೆ ಹುಣಸೆ ಮರ, ಅದರ ಕೆಳಗೆ ಕಲ್ಲಿನ ಕಣ, ಕಣ ದಾಟಿದರೆ ಅಗಸರ ಮನೆ, ಆ ಮನೆಯ ನಾಯಿಗೆ ಹೆದರಿ ತಾವು ಯಾವಾಗಲೂ ಬೇಲಿಯ ಆಚೆಯಿಂದ ಸುತ್ತಿಕೊಂಡು ಹೋಗುತ್ತಿದ್ದುದು, ಆ ಸುತ್ತುದಾರಿಯಲ್ಲೇ ಒಮ್ಮೆ ನೀರಿನ ಕೊಡ ಒಡೆದು ಅತ್ತೆಯಿಂದ ಬೈಸಿಕೊಂಡದ್ದು, ಹೀಗೆ ಎದ್ದೇಳುವವರೆಗೂ ಹೇಳಿದರು. ಊರು ಬಿಟ್ಟ ದಿನದ ಮಾತು ಅದರೊಳಗೇ, ಕೇಳದೆಯೇ, ಬಂತು: ಬಾಗಿಲು ದಾರಂದಗಳನ್ನು ಕಿತ್ತು ಗಾಡಿಗೆ ಹೇರಿದ್ದರಿಂದ ಕೊನೆಯ ರಾತ್ರಿ ಬಾಗಿಲಿಲ್ಲದ ಮನೆಯಲ್ಲಿ ಮಲಗಿದ್ದರಂತೆ.

ಗೊರೂರಿನಲ್ಲಿರುವ ಈ ಹೇಮಾವತಿ ಅಣೆಕಟ್ಟೆ ಪೂರ್ಣಗೊಂಡದ್ದು 1979ರಲ್ಲಿ. ಅದರ ಹಿನ್ನೀರಿನಲ್ಲಿರುವ ಶೆಟ್ಟಿಹಳ್ಳಿಯ ಹಳೆಯ ಇಗರ್ಜಿ ಮಳೆಗಾಲದಲ್ಲಿ ನೀರಿನಲ್ಲಿ ಮುಳುಗಿ ಬೇಸಿಗೆಯಲ್ಲಿ ಮೇಲೇಳುವುದನ್ನು ನೋಡಲು ಈಗ ಎಲ್ಲಿಂದೆಲ್ಲಿಂದಲೋ ಜನ ಬರುತ್ತಾರೆ. ಸುತ್ತಲಿನ ಊರುಗಳ ಮಣ್ಣಿನ ಗೋಡೆಗಳಿಗೆ ಆ ಭಾಗ್ಯವಿರಲಿಲ್ಲ. ಅವು ಈಗ ಇರುವುದು ಇಂಥ ಅಜ್ಜಿಯರ ದಾರಿಯ ವಿವರಣೆಯಲ್ಲಿ ಮಾತ್ರ, ಹಾಗಾಗಿ ನಾನು ಅದನ್ನು ಎಡ ಬಲ ತಪ್ಪದಂತೆ ಬರೆದುಕೊಳ್ಳುತ್ತೇನೆ.

ಹಾಗೆಯೇ ಇಸವಿಯನ್ನು ಮೊದಲು ಕೇಳಿದರೆ ನೆನಪು ಹೆದರುತ್ತದೆ. "ಅದು ಯಾವ ಇಸವಿ?" ಎಂದ ಕೂಡಲೇ ಎಂಬತ್ತೈದರ ಹಿರಿಯರು ಪರೀಕ್ಷೆಗೆ ಕುಳಿತ ಹುಡುಗನಂತಾಗಿ, ಮಗನ ಮುಖ ನೋಡಿ, ಮಗ ಅಂದಾಜಿನಲ್ಲಿ ಏನೋ ಒಂದು ಹೇಳಿ, ಅಲ್ಲಿಗೆ ಆ ಕಥೆ ನಿಂತುಹೋಗುತ್ತದೆ. ನಮ್ಮ ಕಡೆಯ ಹಿರಿಯರಿಗೆ ಬೇರೊಂದು ಲೆಕ್ಕವಿದೆ. ಅದನ್ನು ಕಲಿತುಕೊಂಡರೆ ಇಸವಿಯನ್ನು ನಾವೇ ಮನೆಗೆ ಬಂದು ಕಂಡುಹಿಡಿಯಬಹುದು. "ಆರಿದ್ರಾ ಮಳೆಯಲ್ಲಿ ತೀರಿಕೊಂಡರು" ಎಂದರೆ ಜೂನ್ ಕೊನೆಯ ವಾರದಿಂದ ಜುಲೈ ಮೊದಲ ವಾರದೊಳಗೆ. ಸೂರ್ಯನ ನಕ್ಷತ್ರವನ್ನು ಅನುಸರಿಸುವ ಮಳೆಗಳಾದ್ದರಿಂದ ಈ ದಿನಗಳು ವರ್ಷದಿಂದ ವರ್ಷಕ್ಕೆ ಹೆಚ್ಚು ಕದಲುವುದಿಲ್ಲ. ಪುಷ್ಯ ಮಳೆ ಎಂದರೆ ಜುಲೈ ಉತ್ತರಾರ್ಧ, ಮಲೆನಾಡಿನ ಕಡೆ ನಾಟಿಯ ಕಾಲ. "ಹಾಸನಾಂಬೆ ಬಾಗಿಲು ತೆರೆದ ವಾರ" ಎಂದರೆ ದೀಪಾವಳಿಯ ಆಸುಪಾಸು. ಕಾಸಿನ ವಿಷಯ ಬಂದಾಗ ಕೂಲಿ ಎಷ್ಟಾಣೆ ಎಂದು ಹೇಳಿದರೋ, ಎಷ್ಟು ನಯಾಪೈಸೆ ಎಂದು ಹೇಳಿದರೋ ಗಮನಿಸುತ್ತೇನೆ. ನಯಾಪೈಸೆ ಬಂದದ್ದು 1957ರ ಏಪ್ರಿಲ್ 1ರಂದು, ಆದ್ದರಿಂದ ನಯಾಪೈಸೆಯ ಕೂಲಿ ಅದಕ್ಕಿಂತ ಹಿಂದಿನದಾಗಿರಲಾರದು. ಆಣೆಯ ಲೆಕ್ಕ ಮಾತ್ರ ಜನರ ಬಾಯಲ್ಲಿ ಅದರ ನಂತರವೂ ಬಹುಕಾಲ ಉಳಿದಿತ್ತಾದ್ದರಿಂದ ಅದನ್ನು ಅಷ್ಟಾಗಿ ನಂಬುವಂತಿಲ್ಲ.

ಚನ್ನರಾಯಪಟ್ಟಣದ ಕಡೆಯವರಿಗೆ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕವೇ ಕಾಲಗಣನೆಯ ಕಂಬ. ಮದುವೆ, ಹೆರಿಗೆ, ಪಾಲುಪಟ್ಟಿ ಎಲ್ಲವೂ ಅದರ ಹಿಂದೆ ಅಥವಾ ಮುಂದೆ ನಡೆದಿರುತ್ತವೆ. ಇಲ್ಲಿ ಒಂದು ಎಚ್ಚರಿಕೆ ಬೇಕು. ಹನ್ನೆರಡು ವರ್ಷಕ್ಕೊಮ್ಮೆ ಎಂಬ ಮಾತನ್ನು ನಂಬಿ ಹಿಂದಕ್ಕೆ ಎಣಿಸುತ್ತಾ ಹೋದರೆ ಲೆಕ್ಕ ತಪ್ಪುತ್ತದೆ, ಏಕೆಂದರೆ 1953, 1967 ಮತ್ತು 1981ರ ಅಭಿಷೇಕಗಳ ನಡುವೆ ಹದಿನಾಲ್ಕು ಹದಿನಾಲ್ಕು ವರ್ಷಗಳ ಅಂತರವಿದೆ. 1993ರದ್ದು ಮತ್ತು 2018ರದ್ದು ಮಾತ್ರ ತಮ್ಮ ಹಿಂದಿನದಕ್ಕೆ ಸರಿಯಾಗಿ ಹನ್ನೆರಡು ವರ್ಷಕ್ಕೆ ಬಂದಂಥವು. 1981ರಲ್ಲಿ ಬಾಹುಬಲಿ ಮೂರ್ತಿಗೆ ಸಾವಿರ ವರ್ಷ ತುಂಬಿತೆಂದು ನಡೆದ ಅಭಿಷೇಕದಲ್ಲಿ ಇಂದಿರಾ ಗಾಂಧಿಯವರು ಹೆಲಿಕಾಪ್ಟರಿನಿಂದ ಹೂವು ಸುರಿಸಿದ್ದನ್ನು ನೆನಪಿಟ್ಟವರು ಬಹಳ ಮಂದಿ. ಹಾಗಾಗಿ "ನೀವು ಹೋದಾಗ ಮೇಲಿಂದ ಹೂವು ಬಿದ್ದಿತ್ತೇ?" ಎಂದು ಕೇಳಿದರೆ ಇಸವಿ ತಾನಾಗಿ ಸಿಗುತ್ತದೆ.

ಹುಟ್ಟಿದ ವರ್ಷದ ತಕರಾರು ಪ್ರತಿಯೊಂದು ಪುಸ್ತಕದಲ್ಲೂ ಇದ್ದದ್ದೇ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಜೂನ್ 1 ಎಂದೇ ಇದ್ದರೆ, ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡದ್ದು ಎಂದು ತಿಳಿಯಬಹುದು. ಆಲೂರು ಕಡೆಯ ನಿವೃತ್ತ ಶಿಕ್ಷಕರೊಬ್ಬರ ಅಂಕಪಟ್ಟಿಯಲ್ಲಿ 1940 ಎಂದಿತ್ತು, ಮನೆಯ ಪೆಟ್ಟಿಗೆಯಲ್ಲಿದ್ದ ಜಾತಕದಲ್ಲಿ ಬಹುಧಾನ್ಯ ಸಂವತ್ಸರ ಎಂದಿತ್ತು. ಬಹುಧಾನ್ಯವೆಂದರೆ 1938ರ ಯುಗಾದಿಯಿಂದ 1939ರ ಯುಗಾದಿಯವರೆಗೆ. ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುವುದರಿಂದ, ಬದುಕಿರುವವರ ವಿಷಯದಲ್ಲಿ ಗೊಂದಲಕ್ಕೆ ಎಡೆಯಿಲ್ಲ. ಅವರು ಸರ್ಕಾರಿ ಲೆಕ್ಕದಂತೆ ನಿವೃತ್ತರಾದವರು; ಪುಸ್ತಕದಲ್ಲಿ ಯಾವುದನ್ನು ಹಾಕಬೇಕೆಂದು ಮನೆಯವರಲ್ಲಿ ಚರ್ಚೆಯಾಯಿತು. ಎರಡನ್ನೂ ಹಾಕಿ, ಮೇಷ್ಟ್ರು ವಯಸ್ಸು ಬರೆದುಕೊಂಡ ಪ್ರಸಂಗವನ್ನೇ ಮೊದಲ ಅಧ್ಯಾಯ ಮಾಡಿದೆವು. ಹಳೆಯ ಲಗ್ನಪತ್ರಿಕೆಗಳು ಇನ್ನೂ ಉಪಕಾರಿ, ಅವುಗಳಲ್ಲಿ ಸಂವತ್ಸರ, ಮಾಸ, ತಿಥಿ ಮತ್ತು ಇಂಗ್ಲಿಷ್ ತಾರೀಖು ಒಟ್ಟಿಗೇ ಅಚ್ಚಾಗಿರುತ್ತವೆ.

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ತೋಟದ ಮನೆಗಳಿಗೆ ಹೋದಾಗ ಕಾಲದ ಲೆಕ್ಕ ಕಾಫಿಯ ಸುತ್ತ ತಿರುಗುತ್ತದೆ. ಮನೆ ಕಟ್ಟಿಸಿದ್ದನ್ನು, ಮಗಳ ಮದುವೆಯನ್ನು, ಸಾಲ ತೀರಿಸಿದ್ದನ್ನು ಬೆಳೆಗಾರರು ನೆನೆಯುವುದು ಕಾಫಿ ಬೋರ್ಡಿನಿಂದ ಪೂಲ್ ಹಣದ ಕಂತು ಬಂದ ಸಮಯದೊಂದಿಗೆ, ಏಕೆಂದರೆ ಬೆಳೆಯನ್ನೆಲ್ಲ ಬೋರ್ಡಿಗೆ ಒಪ್ಪಿಸಿ, ಹಣಕ್ಕಾಗಿ ಕಂತು ಕಂತಾಗಿ ಕಾಯಬೇಕಾಗಿದ್ದ ಆ ವ್ಯವಸ್ಥೆ ಪೂರ್ತಿಯಾಗಿ ಕೊನೆಗೊಂಡದ್ದು 1996ರ ಹೊತ್ತಿಗೆ. ಅದಕ್ಕೆ ಸ್ವಲ್ಪ ಮುಂಚೆ, 1994ರಲ್ಲಿ ಬ್ರೆಜಿಲ್‌ನ ತೋಟಗಳು ಹಿಮಕ್ಕೆ ಸಿಕ್ಕಿ ಬೆಲೆ ಏರಿದಾಗ ನಮ್ಮ ಘಟ್ಟದ ರಸ್ತೆಗಳಲ್ಲಿ ಹೊಸ ಜೀಪುಗಳು ಓಡಾಡಿದವು. ಬ್ರೆಜಿಲ್ ಎಲ್ಲಿದೆ ಎಂದು ತೋರಿಸಲಾರದ ಅಜ್ಜಿಯೊಬ್ಬರು "ಬ್ರೆಜಿಲ್‌ನಲ್ಲಿ ಹಿಮ ಬಿದ್ದ ವರ್ಷ ನನ್ನ ಕಾಸಿನ ಸರ ಬಿಡಿಸಿಕೊಂಡು ಬಂದರು" ಎಂದು ಹೇಳಿದ್ದನ್ನು ಒಂದಕ್ಷರವೂ ಬದಲಿಸದೆ ಬರೆದೆ.

ಚಿಕ್ಕಮಗಳೂರಿನವರು ತಾವಾಗಿಯೇ ಆರಂಭಿಸುವ ಕಥೆ 1978ರ ನವೆಂಬರಿನ ಉಪಚುನಾವಣೆಯದು. ಇಂದಿರಾ ಗಾಂಧಿಯವರನ್ನು ಎಷ್ಟು ಹತ್ತಿರದಿಂದ ನೋಡಿದೆವು ಎಂಬುದೇ ಎಲ್ಲರ ಮಾತು, ಮತ್ತು ಆ ಮಾತುಗಳೆಲ್ಲ ಒಂದೇ ರೀತಿ ಇರುತ್ತವೆ. ಆದರೆ ನವೆಂಬರ್ ಎಂದರೆ ಅರೇಬಿಕಾ ಹಣ್ಣಾಗುವ ಕಾಲ. ಆದ್ದರಿಂದ ನಾನು "ಆಗ ಕೊಯ್ಲಿಗೆ ಆಳು ಬರುತ್ತಿದ್ದರೇ?" ಎಂದು ಕೇಳುತ್ತೇನೆ. ಒಂದು ಮನೆಯಲ್ಲಿ ಯಜಮಾನರು ಆ ಪ್ರಶ್ನೆಗೆ ಥಟ್ಟನೆ ನೆಟ್ಟಗೆ ಕುಳಿತು, ಸಭೆಯ ದಿನ ಆಳುಗಳ ಲೈನ್ ಮನೆಗಳು ಖಾಲಿಯಾದದ್ದು, ಮೇಸ್ತ್ರಿ ತಾನೂ ಹೋಗಿ ಮೂರನೆಯ ದಿನ ತಲೆ ತಗ್ಗಿಸಿಕೊಂಡು ಬಂದದ್ದು, ಉದುರಿದ ಹಣ್ಣನ್ನು ಮನೆಯ ಹೆಂಗಸರೇ ಆರಿಸಿದ್ದು, ಇವನ್ನೆಲ್ಲ ಹೇಳಿದರು. ಅಟ್ಟದ ಮೇಲಿದ್ದ, ಆಳುಗಳ ಹಾಜರಿ ಬರೆಯುವ ಚೆಕ್‌ರೋಲ್ ಪುಸ್ತಕ ತೆಗೆಸಿ ನೋಡಿದಾಗ ಆ ದಿನಗಳ ಹಾಜರಿ ಅಂಕಣ ಅವರ ಮಾತಿಗೆ ತಕ್ಕಂತೆಯೇ ಖಾಲಿಯಿತ್ತು.

ಚೆಕ್‌ರೋಲ್ ಪುಸ್ತಕಗಳನ್ನು ತಿರುವುವಾಗಲೆಲ್ಲ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ನನಗೆ ಸಂಭಾವನೆ ಕೊಟ್ಟು ನೆನಪು ಬರೆಸುವವರು ಬಹುಪಾಲು ಜಮೀನಿದ್ದವರು. ಆ ಸಾಲುಗಳಲ್ಲಿ ಹೆಸರು ಮತ್ತು ಅರ್ಧ ದಿನ, ಪೂರ್ತಿ ದಿನದ ಗುರುತು ಬಿಟ್ಟರೆ ಬೇರೇನೂ ಉಳಿಯದವರ ಪುಸ್ತಕವನ್ನು ಯಾರೂ ಬರೆಸುವುದಿಲ್ಲ. ಹಾಗಾಗಿ ತೋಟದ ಮನೆಗೆ ಹೋದಾಗ, ಯಜಮಾನರ ಒಪ್ಪಿಗೆ ಪಡೆದು, ಅಲ್ಲಿ ಬಹುಕಾಲ ದುಡಿದ ಒಬ್ಬರನ್ನಾದರೂ ಪ್ರತ್ಯೇಕವಾಗಿ ಕೂರಿಸಿ ಕೇಳುವುದನ್ನು ರೂಢಿ ಮಾಡಿಕೊಂಡಿದ್ದೇನೆ. ಒಪ್ಪಿಗೆ ಸಿಗದ ಮನೆಗಳೂ ಇವೆ.

ಇದೇ ಅಂತರ ಇನ್ನೂ ಸ್ಪಷ್ಟವಾಗಿ ಕಾಣುವುದು 1974ರ ಭೂಸುಧಾರಣೆಯ ಮಾತು ಬಂದಾಗ. ಗೇಣಿದಾರರ ಮನೆಯಲ್ಲಿ, ಉಳುವ ಜಮೀನಿನ ಹಕ್ಕು ಕೇಳಿ ಹಾಕಿದ ಅರ್ಜಿಯಾದ ಫಾರಂ ನಂಬರ್ 7 ಎಂಬುದು ದೇವರ ಪಟದ ಹಿಂದೆ ಇಟ್ಟುಕೊಂಡ ಕಾಗದ. ಒಡೆಯರ ಮನೆಯಲ್ಲಿ ಅದರ ಹೆಸರನ್ನೂ ಎತ್ತುವುದಿಲ್ಲ. ಕಾಫಿ ತೋಟಗಳಿಗೆ ಆ ಕಾಯಿದೆಯಿಂದ ವಿನಾಯಿತಿ ಇದ್ದುದರಿಂದ ಮಲೆನಾಡಿನ ಬೆಳೆಗಾರರ ತೋಟ ಉಳಿಯಿತು, ಗೇಣಿಗೆ ಕೊಟ್ಟಿದ್ದ ಗದ್ದೆ ಹೋಯಿತು. ಎಕರೆಗಟ್ಟಲೆ ತೋಟವಿದ್ದ ಹಿರಿಯರೊಬ್ಬರು ತೋಟದ ಬಗ್ಗೆ ಒಂದು ಸಂಜೆಯಲ್ಲಿ ಹೇಳಿ ಮುಗಿಸಿ, ಹೋದ ಗದ್ದೆಯ ಬದು, ತೂಬು, ಆ ಗದ್ದೆಯ ಅಕ್ಕಿಯಲ್ಲಿ ಮಾಡುತ್ತಿದ್ದ ಕಡುಬಿನ ಬಗ್ಗೆ ಮತ್ತೆ ಮತ್ತೆ ಮಾತಾಡಿದರು. ಭೂ ನ್ಯಾಯಮಂಡಳಿಯಲ್ಲಿ ಎದುರಾಳಿಯಾಗಿದ್ದ ಕುಟುಂಬದ ಹೆಸರನ್ನು ನಾನು ಪುಸ್ತಕದಲ್ಲಿ ಹಾಕಲಿಲ್ಲ. ಎರಡೂ ಮನೆಯವರು ಇಂದಿಗೂ ಒಂದೇ ಜಾತ್ರೆಯಲ್ಲಿ ತೇರು ಎಳೆಯುತ್ತಾರೆ, ಮತ್ತು ಒಂದು ಕಡೆಯ ನೆನಪನ್ನು ತೀರ್ಪಿನಂತೆ ಅಚ್ಚು ಹಾಕುವ ಅಧಿಕಾರ ನನಗಿಲ್ಲ.

ದಿನಚರಿಯ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಬೆಳಗಿನ ಜಾವ ಮನೆಯವರು ಏಳುವ ಮುಂಚೆ ಹಿಂದಿನ ದಿನದ ಧ್ವನಿಮುದ್ರಣ ಕೇಳಿ ಬರೆದುಕೊಳ್ಳುತ್ತೇನೆ. ಒಂದು ಗಂಟೆಯ ಮಾತಿಗೆ ಐದಾರು ಗಂಟೆ ಹಿಡಿಯುತ್ತದೆ. ತಿಂಡಿಯ ನಂತರ ಬಸ್ಸು. ಹಿರಿಯರು ಚೆನ್ನಾಗಿ ಮಾತಾಡುವುದು ಹತ್ತರಿಂದ ಹನ್ನೆರಡರ ಒಳಗೆ, ಊಟವಾದ ಮೇಲೆ ಕೇಳಬಾರದು. ಕೊಯ್ಲಿನ ತಿಂಗಳುಗಳಲ್ಲಿ ತೋಟದವರಿಗೆ ಪುರುಸೊತ್ತಿರುವುದಿಲ್ಲ, ಮಳೆಗಾಲದಲ್ಲಿ ಧಾರಾಳವಾಗಿ ಸಿಗುತ್ತಾರೆ. ಆದರೆ ಜುಲೈ ಮಳೆ ತಗಡಿನ ಮಾಡಿನ ಮೇಲೆ ಬಿದ್ದರೆ ಧ್ವನಿಮುದ್ರಣದಲ್ಲಿ ಮಳೆಯನ್ನು ಬಿಟ್ಟು ಏನೂ ಕೇಳಿಸುವುದಿಲ್ಲ, ಆದ್ದರಿಂದ ಕೈಯಲ್ಲಿ ನೋಟ್‌ಬುಕ್ ಇರಲೇಬೇಕು. ಮಗನೋ ಸೊಸೆಯೋ ಪಕ್ಕದಲ್ಲಿ ಕುಳಿತು "ಅದಲ್ಲಪ್ಪ, ಇದು" ಎಂದು ತಿದ್ದತೊಡಗಿದರೆ, ಹಳೆಯ ಫೋಟೋ ಹುಡುಕಿಕೊಡಲು ಅವರನ್ನು ಒಳಗೆ ಕಳುಹಿಸುವುದು ನನ್ನ ಹಳೆಯ ಉಪಾಯ.

ಈ ಕೆಲಸಕ್ಕೆ ಸ್ಫೂರ್ತಿ ಯಾರು ಎಂದು ಕೇಳುವವರಿಗೆ ಉತ್ತರ ಹತ್ತಿರದಲ್ಲೇ ಇದೆ. ಗೊರೂರು ರಾಮಸ್ವಾಮಿ ಅಯ್ಯಂಗಾರರು ಮತ್ತು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು, ಇಬ್ಬರೂ 1904ರಲ್ಲಿ ಜನಿಸಿದವರು; ಒಬ್ಬರು ಹೇಮಾವತಿಯ ದಂಡೆಯನ್ನೂ ಮತ್ತೊಬ್ಬರು ಮಲೆನಾಡಿನ ಮನೆಗಳನ್ನೂ ಬರೆದ ರೀತಿಯಲ್ಲಿ ನಾನು ಕಲಿತದ್ದು, ಊರಿನ ಸಣ್ಣ ಕೆಲಸವನ್ನು ಸಣ್ಣದೆಂದು ಬಿಡಬಾರದು ಎಂಬುದನ್ನು. ಆದರೆ ದೊಡ್ಡವರ ಧಾಟಿಯನ್ನು ಬೇರೆಯವರ ನೆನಪಿಗೆ ತೊಡಿಸುವುದು ತಪ್ಪು. ಹಿರಿಯರು "ಮಳೆ ಜೋರಿತ್ತು" ಎಂದಷ್ಟೇ ಹೇಳಿದ್ದರೆ ನನ್ನ ಪುಟದಲ್ಲೂ ಮಳೆ ಜೋರಿತ್ತು ಎಂದಷ್ಟೇ ಇರುತ್ತದೆ.

ಕರಡು ಸಿದ್ಧವಾದ ಮೇಲೆ ಪೂರ್ತಿ ಪುಸ್ತಕವನ್ನು ಹೇಳಿದವರಿಗೇ ಗಟ್ಟಿಯಾಗಿ ಓದಿ ಕೇಳಿಸುತ್ತೇನೆ. ಆಗಲೇ ಇಸವಿಗಳನ್ನು ಮೊದಲ ಬಾರಿಗೆ ಅವರ ಮುಂದಿಡುವುದು. ಮಳೆ, ಜಾತ್ರೆ, ಬೆಲೆಗಳಿಂದ ನಾನು ಕಂಡುಕೊಂಡ ವರ್ಷವನ್ನು ಅವರು ಒಪ್ಪದಿದ್ದರೆ ಅವರ ಮಾತನ್ನು ಪುಟದಲ್ಲಿಯೂ ನನ್ನ ಲೆಕ್ಕವನ್ನು ಅಡಿಟಿಪ್ಪಣಿಯಲ್ಲಿಯೂ ಇಡುತ್ತೇನೆ. ತೆಗೆಯಬೇಕೆಂದು ಅವರೇ ಹೇಳಿದ ಭಾಗವನ್ನು ಕಾರಣ ಕೇಳದೆ ತೆಗೆಯುತ್ತೇನೆ, ಮಕ್ಕಳು ಹೇಳಿದರೆ ಮಾತ್ರ ಹಿರಿಯರ ಸಹಿ ಬೇಕೆನ್ನುತ್ತೇನೆ. ಈ ಷರತ್ತನ್ನು ಮುಂಗಡ ಪಡೆಯುವ ದಿನವೇ ಕಾಗದದ ಮೇಲೆ ಬರೆದುಕೊಡುತ್ತೇನೆ, ಮತ್ತು ಇದನ್ನು ಒಪ್ಪದ ಮನೆಯ ಕೆಲಸವನ್ನು ಹಿಡಿಯುವುದಿಲ್ಲ.