ಹಿಂದಿನ ಸಾಲಿಗೂ ಕೇಳಿಸಬೇಕು: ಕೊಡಗಿನಲ್ಲಿ ಸಾಕ್ಷ್ಯಚಿತ್ರ ತೋರಿಸುವವರಿಗೆ

ಭೂಮಿ, ಕಾಡು, ಕೂಲಿ, ಕುಡಿಯುವ ನೀರು, ಮನೆಯ ಹಕ್ಕುಪತ್ರ. ಇಂಥ ವಿಷಯಗಳ ಮೇಲೆ ಸಾಕ್ಷ್ಯಚಿತ್ರ ತೋರಿಸಿ, ಆಮೇಲೆ ಮಾತುಕತೆ ನಡೆಸುವ ಕಾರ್ಯಕ್ರಮಕ್ಕೆ ಸಾಮಾನ್ಯವಾಗಿ ಬರುವವರು ಅಧ್ಯಾಪಕರು, ವಕೀಲರು, ಪತ್ರಕರ್ತರು, ನಿವೃತ್ತ ನೌಕರರು. ಚಿತ್ರ ಯಾರ ಬದುಕಿನ ಬಗ್ಗೆ ಇದೆಯೋ ಅವರೇ ಹಾಲ್‌ನಲ್ಲಿ ಇರುವುದಿಲ್ಲ. ಅವರಿಗೆ ಆಸಕ್ತಿ ಇಲ್ಲ ಅಂತ ಸಂಘಟಕರು ಬೇಗ ತೀರ್ಮಾನಿಸಿಬಿಡುತ್ತಾರೆ. ಇದು ಸರಿಯಲ್ಲ. ಲೈನ್‌ಮನೆಯಲ್ಲಿರುವ, ಅಂದರೆ ಕಾಫಿ ತೋಟದ ಕಾರ್ಮಿಕರ ಸಾಲುಮನೆಯಲ್ಲಿರುವ, ಒಬ್ಬ ಹೆಂಗಸು ಬಂದು, ಕೂತು, ಕೇಳಿ, ಮಾತಾಡಿ, ಕತ್ತಲಾಗುವ ಮೊದಲು ಮನೆ ಸೇರಬಹುದೇ ಇಲ್ಲವೇ ಎನ್ನುವುದನ್ನು ನಾವು ಆರಿಸುವ ದಿನ, ಹೊತ್ತು ಮತ್ತು ಹಾಲ್ ಮೊದಲೇ ತೀರ್ಮಾನ ಮಾಡಿರುತ್ತವೆ. ಪ್ರೊಜೆಕ್ಟರ್‌ನಿಂದ ಹಿಡಿದು ಮೈಕಿನವರೆಗೆ ಪ್ರತಿಯೊಂದನ್ನೂ ಆಕೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಜೋಡಿಸಬೇಕು.

ಮೊದಲು ದಿನ. ಜೂನ್‌ನಿಂದ ಸೆಪ್ಟೆಂಬರ್ ಮಧ್ಯದವರೆಗೆ ಮಳೆ, ಗಾಳಿ. ಮರ ಬಿದ್ದರೆ ಕರೆಂಟ್ ಎರಡು ದಿನ ಬಾರದೆ ಇರುವುದೂ ಉಂಟು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ, ರೊಬಸ್ಟಾ ಇರುವ ಕಡೆ ಮಾರ್ಚ್‌ವರೆಗೂ ಕಾಫಿ ಕೊಯ್ಲು. ಕೊಯ್ದಷ್ಟು ಕೆ.ಜಿ.ಗೆ ಲೆಕ್ಕ ಹಾಕಿ ಕೂಲಿ ಸಿಗುವ ದಿನಗಳಲ್ಲಿ ಅರ್ಧ ದಿನ ಬಿಟ್ಟು ಬನ್ನಿ ಎಂದು ಕೇಳುವುದು ನ್ಯಾಯವಲ್ಲ. ಏಪ್ರಿಲ್–ಮೇನಲ್ಲಿ ಮದುವೆಗಳು, ಹಾಲ್ ಸಿಗದು. ಅಕ್ಟೋಬರ್‌ನಲ್ಲಿ ದಸರಾ, ತುಲಾ ಸಂಕ್ರಮಣದ ದಿನಗಳನ್ನು ಬಿಟ್ಟರೆ ನವೆಂಬರ್ ಮಧ್ಯದವರೆಗೆ ಒಳ್ಳೆಯ ಸಮಯ. ವಾರದ ದಿನದ ಮಟ್ಟಿಗೆ, ತೋಟಗಳಲ್ಲಿ ರಜೆ ಹೆಚ್ಚಾಗಿ ಹತ್ತಿರದ ಪೇಟೆಯ ಸಂತೆಯ ದಿನ ಇರುತ್ತದೆ, ಭಾನುವಾರವೇ ಆಗಬೇಕೆಂದಿಲ್ಲ. ಮಡಿಕೇರಿ ಸಂತೆ ಶುಕ್ರವಾರ. ಹಾಗಾಗಿ ಮಡಿಕೇರಿ ಸುತ್ತಿನ ತೋಟದವರು ಬರಬೇಕೆಂದರೆ ಶುಕ್ರವಾರವೇ ಸರಿ, ಅದೂ ಸಂತೆ ಮುಗಿಸಿದ ಮೇಲೆ.

ಹೊತ್ತಿನ ವಿಷಯದಲ್ಲಿ ಸಂಜೆ ಆರು ಗಂಟೆ ಎನ್ನುವ ಅಭ್ಯಾಸವನ್ನು ಬಿಡಲೇಬೇಕು. ಒಳಗಿನ ಊರುಗಳಿಗೆ ಕೊನೆಯ ಬಸ್ಸು ಬೇಗ ಹೊರಡುತ್ತದೆ. ಸಿದ್ದಾಪುರ, ಮಾಲ್ದಾರೆ, ತಿತಿಮತಿ ಕಡೆ ಕತ್ತಲಾದ ಮೇಲೆ ತೋಟದ ರಸ್ತೆಯಲ್ಲಿ ಆನೆ ಇರುತ್ತದೆ. ಬಸ್ ಇಳಿದು ಒಂದೆರಡು ಕಿಲೋಮೀಟರ್ ನಡೆಯಬೇಕಾದವರು ಐದು ಗಂಟೆಗೇ ಎದ್ದು ಹೊರಟರೆ ಅದರಲ್ಲಿ ಅವರ ತಪ್ಪಿಲ್ಲ. ಮಧ್ಯಾಹ್ನ ಒಂದೂವರೆಗೆ ಚಿತ್ರ ಶುರುವಾಗಿ ನಾಲ್ಕೂಕಾಲಿಗೆ ಎಲ್ಲವೂ ಮುಗಿಯಬೇಕು. ಊರಿನ ಬಸ್ ನಿಲ್ದಾಣದಲ್ಲಿ ಕೊನೆಯ ಬಸ್ಸುಗಳ ಹೊತ್ತು ಬರೆದುಕೊಂಡು, ಅದರಿಂದ ಹಿಂದಕ್ಕೆ ಲೆಕ್ಕ ಹಾಕಿ. ಒಂದು ಜೀಪಿನ ಬಾಡಿಗೆಯನ್ನು ಖರ್ಚಿನ ಪಟ್ಟಿಯಲ್ಲಿ ಮೊದಲೇ ಸೇರಿಸಿ.

ಮಧ್ಯಾಹ್ನ ತೋರಿಸುವುದಾದರೆ ಹಾಲ್ ಕತ್ತಲು ಮಾಡಬೇಕು. ಇದರಲ್ಲೇ ಹೆಚ್ಚಿನವರು ಸೋಲುತ್ತಾರೆ. ಕಿಟಕಿಗೆ ತೆಳು ಪರದೆ ಎಳೆದರೆ ಬೆಳಕು ನಿಲ್ಲುವುದಿಲ್ಲ, ನೀಲಿ ಟಾರ್ಪಾಲ್ ಕಟ್ಟಿದರೆ ಇಡೀ ಹಾಲ್ ನೀಲಿಯಾಗುತ್ತದೆ. ಕಪ್ಪು ದಪ್ಪ ಬಟ್ಟೆಯನ್ನು ಎರಡು ಪದರ ಮಾಡಿ, ಕಿಟಕಿಯ ನಾಲ್ಕೂ ಕಡೆ ಅರ್ಧ ಅಡಿ ಹೆಚ್ಚಿರುವಂತೆ ಕಟ್ಟಿ. ಪರದೆಯ ಎದುರಿನ ಗೋಡೆಯಲ್ಲಿರುವ ಕಿಟಕಿ, ಬಾಗಿಲು ಮತ್ತು ಮೇಲಿನ ಗಾಜಿನ ಹೆಂಚು ಎಲ್ಲಕ್ಕಿಂತ ಮುಖ್ಯ, ಏಕೆಂದರೆ ಅಲ್ಲಿಂದ ಬಂದ ಬೆಳಕು ನೇರ ಪರದೆಗೇ ಬೀಳುತ್ತದೆ. ಪಕ್ಕದ ಕಿಟಕಿಗಳಲ್ಲಿ ಸ್ವಲ್ಪ ಬೆಳಕು ಸೋರಿದರೂ ನಡೆಯುತ್ತದೆ. ಕಪ್ಪು ಬಟ್ಟೆ ಕಟ್ಟಿದರೆ ಗಾಳಿಯಾಡುವುದಿಲ್ಲ. ಹಾಗಾಗಿ ಹಿಂಬದಿಯ ಒಂದು ಬಾಗಿಲನ್ನು ತೆರೆದಿಟ್ಟು, ಅದರ ಹೊರಗೆ ಎರಡನೇ ಬಟ್ಟೆ ಇಳಿಬಿಟ್ಟರೆ ಗಾಳಿ ಬರುತ್ತದೆ, ಬೆಳಕು ಬರುವುದಿಲ್ಲ.

ನೂರು ಜನರ ಹಾಲ್‌ಗೆ ಎಂಟು ಅಡಿ ಅಗಲದ ಪರದೆ ಸಾಕು. ಕೊನೆಯ ಸಾಲು ಪರದೆಯ ಅಗಲದ ಐದು ಪಟ್ಟು, ಅಂದರೆ ನಲವತ್ತು ಅಡಿಗಿಂತ ಹಿಂದೆ ಹೋಗಬಾರದು, ಹೋದರೆ ಅಕ್ಷರ ಕಾಣಿಸದು. ಪ್ರೊಜೆಕ್ಟರ್ 3500 ಆನ್ಸಿ ಲ್ಯೂಮೆನ್ಸ್ (ನಿಗದಿತ ವಿಧಾನದಲ್ಲಿ ಅಳೆದ ಬೆಳಕಿನ ಪ್ರಮಾಣ) ಇರಲಿ. ಆನ್‌ಲೈನ್‌ನಲ್ಲಿ ಕಡಿಮೆ ಬೆಲೆಗೆ ಸಿಗುವ ಪ್ರೊಜೆಕ್ಟರ್‌ಗಳ ಡಬ್ಬಿಯ ಮೇಲೆ ಒಂಬತ್ತು ಸಾವಿರ ಲ್ಯೂಮೆನ್ಸ್ ಎಂದು ಬರೆದಿದ್ದರೂ 'ಆನ್ಸಿ' ಎಂಬ ಪದ ಇಲ್ಲದಿದ್ದರೆ ಆ ಸಂಖ್ಯೆಯನ್ನು ನಂಬಬೇಡಿ. ಎಷ್ಟು ದೂರದಲ್ಲಿಡಬೇಕು ಎನ್ನುವುದಕ್ಕೆ ಅದರ ಕೈಪಿಡಿಯಲ್ಲಿ ಥ್ರೋ ರೇಷಿಯೋ, ಅಂದರೆ ಪರದೆಯ ಅಗಲದ ಎಷ್ಟು ಪಟ್ಟು ದೂರ ಎಂಬ ಸಂಖ್ಯೆ, ಇರುತ್ತದೆ. ಅದು 1.5 ಇದ್ದರೆ, ಎಂಟು ಅಡಿ ಪರದೆಗೆ ಹನ್ನೆರಡು ಅಡಿ ದೂರ. ಪರದೆಯ ಕೆಳ ಅಂಚು ನೆಲದಿಂದ ನಾಲ್ಕು ಅಡಿ ಮೇಲಿರಲಿ. ಕನ್ನಡ ಸಬ್‌ಟೈಟಲ್ ಚಿತ್ರದ ಅಡಿಯಲ್ಲೇ ಬರುವುದರಿಂದ, ಕೆಳಗೆ ಇಳಿದರೆ ಮುಂದಿನವರ ತಲೆ ಅದನ್ನೇ ಮುಚ್ಚುತ್ತದೆ. ಮಡಿಕೇರಿಯ ಚಳಿಯಲ್ಲಿ ತಂದ ಪ್ರೊಜೆಕ್ಟರನ್ನು ಜನ ತುಂಬಿದ ಬೆಚ್ಚಗಿನ ಹಾಲ್‌ನಲ್ಲಿ ತಕ್ಷಣ ತೆರೆದರೆ ಲೆನ್ಸಿಗೆ ಹಬೆ ಕೂರುತ್ತದೆ. ಚೀಲ ಬಿಚ್ಚದೆ ಅರ್ಧ ಗಂಟೆ ಒಳಗೇ ಇಡಿ. ಮಳೆಗಾಲದಲ್ಲಿ ಅದೇ ಚೀಲದೊಳಗೆ ಸಿಲಿಕಾ ಜೆಲ್ ಪೊಟ್ಟಣ ಇರಬೇಕು, ಇಲ್ಲದಿದ್ದರೆ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ.

ಕರೆಂಟ್ ಹೋಗುತ್ತದೆ ಎಂದುಕೊಂಡೇ ತಯಾರಾಗಿ. ಪ್ರೊಜೆಕ್ಟರ್ ಮುನ್ನೂರು ವ್ಯಾಟ್, ಲ್ಯಾಪ್‌ಟಾಪ್ ಅರವತ್ತೈದು, ಮಾತು ಕೇಳಿಸುವಷ್ಟು ಸೌಂಡ್‌ಗೆ ಆಂಪ್ಲಿಫೈಯರ್ ಸರಾಸರಿ ನೂರು ಎಂದುಕೊಂಡರೆ ಒಟ್ಟು ಸುಮಾರು 465 ವ್ಯಾಟ್. 150 ಆಂಪಿಯರ್-ಅವರ್ ಬ್ಯಾಟರಿ ಲೆಕ್ಕದಲ್ಲಿ 1800 ವ್ಯಾಟ್-ಅವರ್ ಕೊಡುತ್ತದೆಯಾದರೂ ಹಳೆ ಬ್ಯಾಟರಿಯಿಂದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ ಸಿಗುತ್ತದೆ. ಅಂದರೆ ಎರಡು ಗಂಟೆ. ಸೈನ್ ವೇವ್ ಇನ್ವರ್ಟರ್ ಆಗಿರಲಿ, ಇಲ್ಲದಿದ್ದರೆ ಸ್ಪೀಕರ್‌ನಲ್ಲಿ ಗುಂಯ್ ಎಂಬ ಸದ್ದು ನಿಲ್ಲುವುದಿಲ್ಲ. ಜನರೇಟರ್ ತರಿಸಿದರೆ ಐವತ್ತು ಅಡಿ ಆಚೆ, ಕಟ್ಟಡದ ಹಿಂಬದಿಯಲ್ಲಿ ಇಡಿಸಿ, ಹೊಗೆ ಒಳಗೆ ಬಾರದಂತೆ ನೋಡಿ. ದೀಪದ ಪ್ರೊಜೆಕ್ಟರ್ ತಟ್ಟನೆ ಆರಿದರೆ ಫ್ಯಾನ್ ನಿಂತು ದೀಪ ಕಾದು ಹಾಳಾಗಬಹುದು, ತಣಿಯುವವರೆಗೆ ಮತ್ತೆ ಹೊತ್ತಿಕೊಳ್ಳುವುದೂ ಇಲ್ಲ. ಎಲ್‌ಇಡಿ, ಲೇಸರ್ ಪ್ರೊಜೆಕ್ಟರ್‌ಗಳಿಗೆ ಈ ತೊಂದರೆ ಇಲ್ಲ.

ಚಿತ್ರ ಮಸುಕಾದರೂ ಜನ ಸಹಿಸುತ್ತಾರೆ, ಮಾತು ಕೇಳದಿದ್ದರೆ ಎದ್ದು ಹೋಗುತ್ತಾರೆ. ಪ್ರೊಜೆಕ್ಟರ್‌ನೊಳಗಿನ ಸ್ಪೀಕರನ್ನು ಲೆಕ್ಕಕ್ಕೇ ಹಿಡಿಯಬೇಡಿ. ಪರದೆಯ ಎರಡೂ ಪಕ್ಕ, ಕೂತವರ ತಲೆಗಿಂತ ಮೇಲೆ, ಎರಡು ಸ್ಪೀಕರ್ ಇರಲಿ. ಮದುವೆ ಸೌಂಡಿನವರು ಅಭ್ಯಾಸ ಬಲದಿಂದ ಬಾಸ್ ಏರಿಸಿಟ್ಟಿರುತ್ತಾರೆ. ಅದನ್ನು ತಗ್ಗಿಸಿದರೆ ಸಂದರ್ಶನದ ಮಾತು ತಿಳಿಯಾಗುತ್ತದೆ. ಲ್ಯಾಪ್‌ಟಾಪ್‌ನಿಂದ ಗುಂಯ್ ಸದ್ದು ಬಂದರೆ ಚಾರ್ಜರ್ ಕಿತ್ತು ನೋಡಿ. ಸದ್ದು ನಿಂತರೆ ತೊಂದರೆ ಅರ್ತಿಂಗ್‌ನದು, ಚಿತ್ರ ಮುಗಿಯುವವರೆಗೆ ಬ್ಯಾಟರಿಯಲ್ಲೇ ನಡೆಸಿ. ಎಚ್‌ಡಿಎಂಐ ಹಾಕಿದ ಕೂಡಲೇ ಸೌಂಡ್ ಪ್ರೊಜೆಕ್ಟರ್‌ಗೆ ಹೋಗಿಬಿಡುತ್ತದೆ, ಸೆಟ್ಟಿಂಗ್‌ನಲ್ಲಿ ಹೆಡ್‌ಫೋನ್‌ಗೆ ಬದಲಿಸಬೇಕು. ಶೀಟಿನ ಮಾಡು ಇರುವ ಹಾಲ್ ಆದರೆ ಮಳೆ ಬರುವ ತಿಂಗಳುಗಳಲ್ಲಿ ಬೇಡವೇ ಬೇಡ, ಯಾವ ಸ್ಪೀಕರ್ ತಂದರೂ ಮಳೆಯ ಸದ್ದನ್ನು ಮೀರಿಸಲಾಗದು.

ಸಬ್‌ಟೈಟಲ್ ಬಗ್ಗೆ ವಿವರವಾಗಿ ಹೇಳಬೇಕು, ಯಾಕೆಂದರೆ ಇದನ್ನು ಯಾರೂ ಹಿಂದಿನ ದಿನ ನೋಡಿಕೊಳ್ಳುವುದಿಲ್ಲ. ಫೈಲ್ ಎಸ್‌ಆರ್‌ಟಿ ಆಗಿರಬೇಕು, ಯೂನಿಕೋಡ್‌ನಲ್ಲಿ ಟೈಪ್ ಆಗಿ ಯುಟಿಎಫ್-8 ಎಂದು ಸೇವ್ ಆಗಿರಬೇಕು. ನುಡಿ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದರೆ ಪರದೆಯ ಮೇಲೆ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ವಿಡಿಯೋ ಓಡಿಸುವ ವಿಎಲ್‌ಸಿ ತಂತ್ರಾಂಶದಲ್ಲಿ ಕೆಲವೊಮ್ಮೆ ಒತ್ತಕ್ಷರ ಬಿಡಿಬಿಡಿಯಾಗಿ ಕಾಣುತ್ತದೆ. ಸಬ್‌ಟೈಟಲ್ ಫಾಂಟನ್ನು ನೋಟೋ ಸಾನ್ಸ್ ಕನ್ನಡಕ್ಕೆ ಬದಲಿಸಿದರೆ ಹಲವು ಸಲ ಸರಿಹೋಗುತ್ತದೆ, ಇಲ್ಲವಾದರೆ ಅಕ್ಷರಗಳನ್ನು ಚಿತ್ರದೊಳಗೇ ಅಚ್ಚೊತ್ತಿದ ಪ್ರತಿ ಮಾಡಿಕೊಳ್ಳಿ. ಮಾತಿಗೂ ಅಕ್ಷರಕ್ಕೂ ಸ್ವಲ್ಪ ಹಿಂದುಮುಂದಾದರೆ ವಿಎಲ್‌ಸಿಯಲ್ಲಿ ಜಿ ಮತ್ತು ಎಚ್ ಕೀ ಒತ್ತಿ ಸರಿ ಮಾಡಬಹುದು. ಶುರುವಿನಲ್ಲಿ ಸರಿಯಿದ್ದು ಹೋಗಹೋಗುತ್ತಾ ದೂರವಾದರೆ ಅದು ಫ್ರೇಮ್ ದರದ ವ್ಯತ್ಯಾಸ. ಸೆಕೆಂಡಿಗೆ 25 ಫ್ರೇಮಿನ ಚಿತ್ರಕ್ಕೆ 23.976ರ ಸಬ್‌ಟೈಟಲ್ ಹಾಕಿದರೆ ಒಂದು ಗಂಟೆಯಲ್ಲಿ ಎರಡೂವರೆ ನಿಮಿಷ ತಪ್ಪುತ್ತದೆ. ಅದನ್ನು ಕೀ ಒತ್ತಿ ಸರಿ ಮಾಡಲಾಗದು, ಮನೆಯಲ್ಲೇ ಫೈಲ್ ತಿದ್ದಬೇಕು. ಪೆನ್‌ಡ್ರೈವ್ ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯುವುದಿಲ್ಲ. ಯೂಟ್ಯೂಬ್‌ನಿಂದ ನೇರ ಓಡಿಸುತ್ತೇವೆ ಎನ್ನುವ ಯೋಚನೆ ನಮ್ಮ ನೆಟ್‌ವರ್ಕ್‌ಗೆ ಹೇಳಿದ್ದಲ್ಲ.

ಓದಲು ಬಾರದವರು ಸಭೆಯಲ್ಲಿದ್ದರೆ ಸಬ್‌ಟೈಟಲ್ ಎಷ್ಟು ಚೆನ್ನಾಗಿದ್ದರೂ ಅವರಿಗೆ ಉಪಯೋಗವಿಲ್ಲ. ಯರವ, ಜೇನುಕುರುಬ, ಬೆಟ್ಟಕುರುಬ ಆದಿವಾಸಿಗಳ ಹಾಡಿಗಳಿಂದ ಹಿರಿಯರು ಬರುವಂತಿದ್ದರೆ, ಅಸ್ಸಾಂನಿಂದ ಬಂದ ಕೆಲಸದವರು ಇದ್ದರೆ, ಹತ್ತು-ಹನ್ನೆರಡು ನಿಮಿಷಕ್ಕೊಮ್ಮೆ ಚಿತ್ರ ನಿಲ್ಲಿಸಿ, ಆ ಭಾಷೆ ಬಲ್ಲವರು ಒಂದು ನಿಮಿಷ ವಿವರಿಸಲಿ. ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಮೊದಲೇ ಗುರುತಿಸಿಡಬೇಕು. ಸಿನಿಮಾ ಪ್ರೇಮಿಗಳಿಗೆ ಇದು ಕಸಿವಿಸಿ ಅನ್ನಿಸಬಹುದು. ಆದರೆ ಒಂದು ಗಂಟೆ ಸುಮ್ಮನೆ ಪರದೆ ನೋಡಿ ಎದ್ದು ಹೋಗುವಂತೆ ಮಾಡುವುದು ಅದಕ್ಕಿಂತ ದೊಡ್ಡ ಅಗೌರವ.

ಹಾಲ್ ಆರಿಸುವಾಗ ಬಾಡಿಗೆ ಎಷ್ಟು ಎಂಬುದಕ್ಕಿಂತ, ಅದು ಯಾರದು ಎಂಬುದನ್ನು ಮೊದಲು ಕೇಳಿ. ಜನಾಂಗದ ಸಮಾಜಗಳ ಮಂಟಪಗಳು ದೊಡ್ಡವು, ಚೆನ್ನಾಗಿಯೂ ಇರುತ್ತವೆ. ಆದರೆ ಅಲ್ಲಿಗೆ ಮದುವೆ ಅಡುಗೆ ಕೆಲಸಕ್ಕೆ ಮಾತ್ರ ಹೋಗಿ ಗೊತ್ತಿರುವವರು ಮುಂದಿನ ಕುರ್ಚಿಯಲ್ಲಿ ಕೂತು ಮಾತಾಡಲಾರರು. ತೋಟದಲ್ಲಿ ಕಾಫಿ ಒಣಗಿಸುವ ಕಣ ಬಯಲು ಪ್ರದರ್ಶನಕ್ಕೆ ಬಹಳ ಅನುಕೂಲದ ಜಾಗ, ಆದರೆ ಸಾಹುಕಾರರ ಕಣದಲ್ಲಿ ಕೂಲಿಯ ಬಗ್ಗೆ ಚರ್ಚೆ ನಡೆಯದು. ಗ್ರಾಮ ಪಂಚಾಯಿತಿ ಸಭಾಂಗಣ, ಸರ್ಕಾರಿ ಶಾಲೆ, ಸಮುದಾಯ ಭವನ ವಾಸಿ. ಬಾಡಿಗೆ ಕಟ್ಟಿದ ರಸೀದಿಯಲ್ಲಿ ದಿನಾಂಕ, ಹೊತ್ತು, ಕಾರ್ಯಕ್ರಮದ ಹೆಸರು ಬರೆಸಿಕೊಳ್ಳಿ. ಹಿಂದಿನ ರಾತ್ರಿ ಫೋನ್ ಮಾಡಿ 'ಹಾಲ್ ಕೊಡಕ್ಕಾಗಲ್ಲ' ಎನ್ನುವುದು ಇಂಥ ಕಾರ್ಯಕ್ರಮಗಳಿಗೆ ಹೊಸದಲ್ಲ. ಎರಡನೇ ಜಾಗ ಮೊದಲೇ ಗೊತ್ತಿರಲಿ.

ಕಾನೂನಿನ ಕಡೆಯೂ ಗಟ್ಟಿಯಾಗಿರಬೇಕು. 1952ರ ಸಿನಿಮಾಟೋಗ್ರಾಫ್ ಕಾಯ್ದೆಯಂತೆ ಸಾರ್ವಜನಿಕವಾಗಿ ತೋರಿಸುವ ಚಿತ್ರಕ್ಕೆ ಸೆನ್ಸಾರ್ ಪ್ರಮಾಣಪತ್ರ ಬೇಕು, ಸಾಕ್ಷ್ಯಚಿತ್ರಕ್ಕೂ ಬೇಕು. ಅದರ ಪ್ರತಿಯನ್ನೂ, ತೋರಿಸಲು ಒಪ್ಪಿ ನಿರ್ದೇಶಕರೋ ಹಕ್ಕುದಾರರೋ ಬರೆದ ಪತ್ರವನ್ನೂ ಜೊತೆಗಿಟ್ಟುಕೊಳ್ಳಿ. ಓಟಿಟಿ ಚಂದಾ ಮನೆಯಲ್ಲಿ ನೋಡುವುದಕ್ಕೆ ಮಾತ್ರ. ಬಹುಪಾಲು ಸಾಕ್ಷ್ಯಚಿತ್ರಕಾರರು ಹಳ್ಳಿಯ ಪ್ರದರ್ಶನ ಎಂದರೆ ಖುಷಿಯಿಂದ ಒಪ್ಪುತ್ತಾರೆ, ಕೇಳಬೇಕು ಅಷ್ಟೆ. ಪೊಲೀಸ್ ಠಾಣೆಗೆ ಒಂದು ವಾರ ಮೊದಲು ಪತ್ರ ಕೊಟ್ಟು, ಎರಡನೇ ಪ್ರತಿಗೆ ಮೊಹರು ಹಾಕಿಸಿಕೊಳ್ಳಿ. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. 2000ದ ಶಬ್ದ ಮಾಲಿನ್ಯ ನಿಯಮಗಳಂತೆ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಲ್ಲಿ ಬಳಸುವಂತಿಲ್ಲ. ಚುನಾವಣೆ ಹತ್ತಿರವಿದ್ದರೆ ಇನ್ನೂ ಎಚ್ಚರ ಬೇಕು: ಮತದಾನ ಮುಗಿಯುವ ಹೊತ್ತಿಗೆ ಮೊದಲಿನ 48 ಗಂಟೆ, ಚುನಾವಣೆಗೆ ಸಂಬಂಧಿಸಿದ್ದನ್ನು ಪರದೆಯ ಮೇಲೆ ತೋರಿಸುವುದನ್ನು 1951ರ ಜನಪ್ರಾತಿನಿಧ್ಯ ಕಾಯ್ದೆಯ 126ನೇ ಕಲಂ ನಿಷೇಧಿಸುತ್ತದೆ. 'ಯಾರಾದರೂ ಗಲಾಟೆ ಮಾಡಿದರೆ?' ಎಂಬ ಕಾರಣಕ್ಕೆ ನಿಲ್ಲಿಸಲು ಹೇಳಿದರೆ, ಎಸ್. ರಂಗರಾಜನ್ ಪ್ರಕರಣದಲ್ಲಿ 1989ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನೆನಪಿರಲಿ. ಪ್ರತಿಭಟನೆಯ ಬೆದರಿಕೆ ತೋರಿಸಿ ಅಭಿವ್ಯಕ್ತಿ ಸ್ವಾತಂತ್ರ್ಯ ಹತ್ತಿಕ್ಕುವಂತಿಲ್ಲ, ಅದನ್ನು ಕಾಪಾಡುವುದು ಸರ್ಕಾರದ ಹೊಣೆ. ಇದನ್ನು ಜಗಳದ ದನಿಯಲ್ಲಿ ಹೇಳಬೇಕಿಲ್ಲ, ಪತ್ರದಲ್ಲಿ ಒಂದು ಸಾಲು ಬರೆದಿದ್ದರೆ ಸಾಕು.

ಪ್ರಚಾರಕ್ಕೆ ವಾಟ್ಸ್ಆ್ಯಪ್ ಇದ್ದೇ ಇದೆ, 'ಶಕ್ತಿ' ಪತ್ರಿಕೆಗೆ ಒಂದು ಸಣ್ಣ ಸುದ್ದಿ ಕಳಿಸಿ. ಲೈನ್‌ಮನೆಗೆ ಮುಟ್ಟಬೇಕಾದರೆ ನ್ಯಾಯಬೆಲೆ ಅಂಗಡಿ, ಸ್ತ್ರೀಶಕ್ತಿ ಸಂಘದ ಸಭೆ, ಅಂಗನವಾಡಿ ದಾರಿ. ತೋಟದ ರೈಟರ (ಕೆಲಸ, ಕೂಲಿಯ ಲೆಕ್ಕ ಬರೆಯುವವರ) ಮೂಲಕ ಹೇಳಿ ಕಳಿಸಬೇಡಿ. ಅಪ್ಪಣೆಯಂತೆ ಕೇಳಿಸಬಹುದು, ಇಲ್ಲವೇ ಸುದ್ದಿ ತಲುಪದೇ ಹೋಗಬಹುದು.

ಕಾರ್ಯಕ್ರಮದಲ್ಲಿ ಪ್ರಾರ್ಥನೆ, ಸ್ವಾಗತ, ದೀಪ, ಹಾರ, ಶಾಲು, ಮುಖ್ಯ ಅತಿಥಿಗಳ ನಾಲ್ಕು ಮಾತು ಸೇರಿದರೆ ಮುಕ್ಕಾಲು ಗಂಟೆ ಹೋಗುತ್ತದೆ. ಅಷ್ಟೂ ಸಮಯ ಚರ್ಚೆಯಿಂದ ಕಡಿತವಾದದ್ದು. ವೇದಿಕೆಯ ಮೇಲೆ ಕುರ್ಚಿಗಳೇ ಬೇಡ. ಚಿತ್ರ ಐವತ್ತರಿಂದ ಅರವತ್ತು ನಿಮಿಷದ್ದಿರಲಿ, ಮಾತಿಗೆ ಅದಕ್ಕಿಂತ ಹೆಚ್ಚು ಸಮಯ ಇರಲಿ. ದೀಪ ಹಾಕಿದ ತಕ್ಷಣ 'ಪ್ರಶ್ನೆಗಳಿದ್ದರೆ ಕೇಳಿ' ಎಂದರೆ ಯಾವಾಗಲೂ ಮಾತಾಡುವವರೇ ಎದ್ದು ನಿಲ್ಲುತ್ತಾರೆ. ಮೊದಲು ಐದು ನಿಮಿಷ ಪಕ್ಕದವರ ಜೊತೆ ಮಾತಾಡಲು ಬಿಡಿ, ಆಮೇಲೆ ಕಾರ್ಡ್‌ಲೆಸ್ ಮೈಕನ್ನು ಹಿಂದಿನ ಸಾಲಿನಿಂದ ಶುರು ಮಾಡಿ. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ಯರವ, ಯಾವುದರಲ್ಲಾದರೂ ಮಾತಾಡಲಿ, ಕನ್ನಡಕ್ಕೆ ಹೇಳುವ ಒಬ್ಬರು ಮೈಕಿನ ಜೊತೆಗೇ ಓಡಾಡಲಿ. ಮೈಕನ್ನು ಮಾತಾಡುವವರ ಕೈಗೆ ಕೊಡದೆ ಸ್ವಯಂಸೇವಕರೇ ಹಿಡಿದರೆ, ಎರಡು ನಿಮಿಷದ ಮಿತಿ ಜಗಳವಿಲ್ಲದೆ ಪಾಲನೆಯಾಗುತ್ತದೆ. ಮೊಬೈಲ್‌ನಲ್ಲಿ ಚರ್ಚೆಯ ವಿಡಿಯೋ ತೆಗೆಯಬಾರದೆಂದು ಶುರುವಿನಲ್ಲೇ ಹೇಳಿ. ಕೂಲಿಯ ಬಗ್ಗೆ ಮಾತಾಡಿದ ಒಬ್ಬಳ ವಿಡಿಯೋ ಸಂಜೆಯೊಳಗೆ ತೋಟಕ್ಕೆ ತಲುಪಿದರೆ ಮಾರನೇ ದಿನ ಕೆಲಸ ಇರುತ್ತದೆ ಎಂಬ ಭರವಸೆ ಇಲ್ಲ.

ಉಪನ್ಯಾಸಕರನ್ನು ಕರೆಯುವುದಾದರೆ ಇಪ್ಪತ್ತು ನಿಮಿಷ, ಅದೂ ಚಿತ್ರದ ನಂತರ. ವಿಷಯ ಅರಣ್ಯ ಹಕ್ಕು ಎಂದುಕೊಳ್ಳಿ. 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲು ಕೆಡವಿದ ಮೇಲೆ ಈ ಮಾತು ಬಾರದ ಸಭೆ ಇಲ್ಲಿ ಅಪರೂಪ. 2006ರ ಅರಣ್ಯ ಹಕ್ಕು ಕಾಯ್ದೆಯ ಇತಿಹಾಸ ಹೇಳುವುದಕ್ಕಿಂತ, 2005ರ ಡಿಸೆಂಬರ್ 13ಕ್ಕೆ ಮೊದಲಿನ ಸ್ವಾಧೀನಕ್ಕೆ ಯಾವ ದಾಖಲೆ ನಡೆಯುತ್ತದೆ, ಹಿರಿಯರ ಹೇಳಿಕೆಯನ್ನು ಹೇಗೆ ಬರೆಸಬೇಕು, ಗ್ರಾಮಸಭೆಯಲ್ಲಿ ಅರ್ಜಿ ಯಾರಿಗೆ ಕೊಡಬೇಕು ಎಂದು ತೋರಿಸುವವರು ಬೇಕು. ಅರ್ಜಿಯ ಕನ್ನಡ ನಮೂನೆಯ ಪ್ರತಿಗಳು ಬಾಗಿಲ ಹತ್ತಿರ ಇರಲಿ. ಉತ್ತರ ಸಿಗದ ಪ್ರಶ್ನೆಗಳನ್ನು ಒಬ್ಬರು ಬರೆದುಕೊಂಡು, ವಾರದೊಳಗೆ ಪಂಚಾಯಿತಿಗೋ ತಾಲ್ಲೂಕು ಕಚೇರಿಗೋ ಕೊಟ್ಟು, ಸ್ವೀಕೃತಿ ಪಡೆಯಲಿ. ಮುಂದಿನ ಪ್ರದರ್ಶನದ ದಿನ ಚಿತ್ರ ಹಾಕುವ ಮೊದಲು, ಬಂದ ಉತ್ತರ ಏನು, ಬಾರದಿದ್ದರೆ ಯಾವ ಮೇಜಿನ ಮೇಲೆ ನಿಂತಿದೆ ಎಂಬುದನ್ನು ಅದೇ ಜನರ ಎದುರು ಓದಿ ಹೇಳಿ.