ಹಾಲ್ಟರ್ ಹಿಡಿದು ಸುಮ್ನೆ ನಿಂತ ದಿನಗಳು

ಮೊದಲ ವಾರ ದಿನಾ ಇದೇ ಕಥೆ. ನಾನು ಹಾಲ್ಟರ್ (ಕುದುರೆಯನ್ನು ಹಿಡಿದು ನಡೆಸಲು ತಲೆಗೆ ಹಾಕುವ ಪಟ್ಟಿ) ಹಿಡಿದು ಹಿಂದೆ ಹಿಂದೆ ಹೋಗುವುದು, ನಾನು ಪಳಗಿಸುತ್ತಿದ್ದ ಹೆಣ್ಣು ಕುದುರೆ ಬೇಲಿಯ ಮೂಲೆ ಸೇರುವುದು, ನಾನು ಹತ್ತಿರ ಬಂದ ತಕ್ಷಣ ತಲೆಯನ್ನು ಆಕಾಶಕ್ಕೆ ಎತ್ತಿಬಿಡುವುದು. ಕುದುರೆ ತಲೆ ಎತ್ತಿದರೆ ನಮ್ಮ ಕೈಗೆ ಎಲ್ಲಿ ಎಟುಕುತ್ತದೆ? ಹೇಗೋ ಒದ್ದಾಡಿ ಕಟ್ಟಿದ ಮೇಲೆ "ನೋಡು, ಏನೂ ಆಗಲಿಲ್ಲ ಅಲ್ವಾ" ಅಂತ ಕತ್ತು ತಟ್ಟುತ್ತಿದ್ದೆ. ನನಗೇನೂ ಆಗಿರಲಿಲ್ಲ, ನಿಜ. ಅವಳು ಮಾತ್ರ ಮಾರನೇ ದಿನ ನನ್ನನ್ನು ಇನ್ನೂ ಹತ್ತು ಹೆಜ್ಜೆ ದೂರದಲ್ಲೇ ಕಂಡು ಜಾಗ ಖಾಲಿ ಮಾಡುತ್ತಿದ್ದಳು.

ನಾನು ಮರೆತಿದ್ದ ವಿಷಯ ತುಂಬಾ ಸಣ್ಣದು. ಕುದುರೆಗೆ ಕೊಂಬಿಲ್ಲ, ಉಗುರಿಲ್ಲ. ಅದರ ಮೊದಲ ಆಯುಧ ಓಟ. ಬೇರೆ ಪ್ರಾಣಿಗಳ ಬಾಯಿಗೆ ಬೀಳದ ಹಾಗೆ ಲಕ್ಷಾಂತರ ವರ್ಷ ಬದುಕಿ ಬಂದ ಜೀವ ಅದು, ಮೊದಲು ಓಡಿ ಆಮೇಲೆ ಯೋಚಿಸುತ್ತದೆ. ಕಣ್ಣು ತಲೆಯ ಎರಡು ಪಕ್ಕದಲ್ಲಿರುವುದರಿಂದ ಸುಮಾರು 350 ಡಿಗ್ರಿ ಕಾಣುತ್ತದೆ. ಕಾಣದ ಜಾಗ ಮುಖ್ಯವಾಗಿ ಎರಡೇ: ಬಾಲದ ನೇರ ಹಿಂದೆ, ಹಣೆಯ ನೇರ ಮುಂದೆ. ನಾನು ದಿನಾ ಕೈ ಚಾಚಿಕೊಂಡು, ಕಣ್ಣಲ್ಲಿ ಕಣ್ಣಿಟ್ಟು ಹೋಗುತ್ತಿದ್ದದ್ದು ಸರಿಯಾಗಿ ಆ ಹಣೆಯ ಕಡೆಗೇ! ಅವಳ ಲೆಕ್ಕದಲ್ಲಿ ನಾನು ಬೇಟೆಗೆ ಬಂದ ಪ್ರಾಣಿ. ಹೊಂಚು ಹಾಕಿ ಬರುವವರ ನಡಿಗೆಯೂ ಹಾಗೇ ಇರುತ್ತದಲ್ಲ.

ಎರಡನೇ ವಾರ ಆಟ ಬದಲಿಸಿದೆ. ನೇರವಾಗಿ ಹೋಗದೆ, ಸುತ್ತು ಬಳಸಿ, ಭುಜದ ಕಡೆಗೆ, ನೆಲ ನೋಡಿಕೊಂಡು ನಡೆಯುವುದು. ಅವಳ ಕಿವಿ ನನ್ನ ಕಡೆ ತಿರುಗಿದ ಕೂಡಲೇ ನಿಲ್ಲುವುದು. ಕತ್ತು ಬಿಗಿಯಾಗುವ ಮೊದಲೇ ಬೆನ್ನು ತಿರುಗಿಸಿ ವಾಪಸ್ ಬರುವುದು. ಅಷ್ಟೇ. ನೋಡುವವರಿಗೆ ಇವರಿಗೇನೋ ತಲೆ ಕೆಟ್ಟಿದೆ ಅನ್ನಿಸುವಂಥ ಕೆಲಸ. ಆದರೆ ನಾಲ್ಕನೇ ದಿನ ನಾನು ತಿರುಗಿ ಹೊರಟಾಗ ಹಿಂದೆ ಒಂದು ಹೆಜ್ಜೆ ಸದ್ದು ಕೇಳಿಸಿತು. ತಿರುಗಿ ನೋಡಲಿಲ್ಲ, ನೋಡುವ ಆಸೆ ಎಷ್ಟಿತ್ತು ಅಂದರೆ ಕತ್ತೇ ನೋಯುತ್ತಿತ್ತು. ಸ್ವಲ್ಪ ಹೊತ್ತಿಗೆ ಮೊಣಕೈ ಹತ್ತಿರ ಬಿಸಿ ಉಸಿರು, ಆಮೇಲೆ ಮೀಸೆ ಕೂದಲು ತಾಗಿ ಕಚಗುಳಿ. ನಾನು ಕದಲಲಿಲ್ಲ. ಹಾಲ್ಟರ್ ಮೂಸಿದಳು, ಫುರ್ ಅಂತ ಮೂಗು ಸೀಟಿದಳು, ಹೋದಳು. ಅವತ್ತಿಗೆ ಪಾಠ ಮುಗಿಯಿತು.

ಇಲ್ಲಿ ನಾನು ತುಂಬಾ ತಡವಾಗಿ ಕಲಿತದ್ದು ಬಿಡುವ ಹೊತ್ತನ್ನು. ಹಗ್ಗ ಎಳೆದಾಗ ಕುದುರೆ ಕಲಿಯುವುದಿಲ್ಲ, ಹಗ್ಗ ಸಡಿಲವಾದಾಗ ಕಲಿಯುತ್ತದೆ. ಎಳೆದರೆ ಅದೂ ಎಳೆಯುತ್ತದೆ, ಅದು ಅದರ ಹುಟ್ಟುಗುಣ, ಹಠ ಅಲ್ಲ. ಸುಮ್ನೆ ಸ್ವಲ್ಪ ಬಿಗಿ ಹಿಡಿದು ಕಾಯಬೇಕು. ಅದರ ಮೈಭಾರ ನಮ್ಮ ಕಡೆ ಒಂಚೂರು ವಾಲಿದರೂ ಸಾಕು, ತಕ್ಷಣ ಬಿಡಬೇಕು. ಎರಡು ಮೂರು ಸೆಕೆಂಡ್ ತಡವಾದರೆ ಅಷ್ಟರಲ್ಲಿ ಅದು ತಲೆ ಕೊಡವಿರುತ್ತದೆ, ತಲೆ ಕೊಡವಿದರೆ ಬಿಡುತ್ತಾರೆ ಅಂತಲೇ ಕಲಿತಿರುತ್ತದೆ. ಹೀಗೆ ಗೊತ್ತಿಲ್ಲದೆ ನಾನೇ ಕಲಿಸಿದ ಕೆಟ್ಟ ಅಭ್ಯಾಸಗಳ ಪಟ್ಟಿ ದೊಡ್ಡದಿದೆ, ಇಲ್ಲಿ ಬೇಡ.

ಇನ್ನು ನಮ್ಮ ಮೈಮಾತು. ಬರ್ಲಿನ್‌ನಲ್ಲಿ ಹಾನ್ಸ್ ಅನ್ನೋ ಒಂದು ಕುದುರೆ ಇತ್ತು, ಲೆಕ್ಕ ಕೇಳಿದರೆ ಗೊರಸು ಬಡಿದು ಉತ್ತರ ಹೇಳುತ್ತಿತ್ತು. 1907ರಲ್ಲಿ ಓಸ್ಕರ್ ಫುಂಗ್ಸ್ಟ್ ಅನ್ನುವ ಮನಶ್ಶಾಸ್ತ್ರಜ್ಞರು ಪರೀಕ್ಷೆ ಮಾಡಿ ನೋಡಿದರೆ ಲೆಕ್ಕ ಗಿಕ್ಕ ಏನೂ ಇಲ್ಲ. ಪ್ರಶ್ನೆ ಕೇಳಿದವರಿಗೆ ಉತ್ತರ ಗೊತ್ತಿದ್ದು, ಅವರು ಹಾನ್ಸ್ ಕಣ್ಣಿಗೆ ಕಾಣುತ್ತಿದ್ದರೆ ಮಾತ್ರ ಉತ್ತರ ಸರಿ. ಸರಿಯಾದ ಸಂಖ್ಯೆ ಬಂದಾಗ ಅವರಿಗೇ ಅರಿವಿಲ್ಲದೆ ತಲೆ ಕೂದಲೆಳೆಯಷ್ಟು ಅಲುಗುತ್ತಿತ್ತು, ಅದನ್ನು ನೋಡಿ ಹಾನ್ಸ್ ಬಡಿಯುವುದು ನಿಲ್ಲಿಸುತ್ತಿತ್ತು. ಇದನ್ನು ಕುದುರೆಯ ಮೋಸ ಅಂತ ಹೇಳುವವರಿದ್ದಾರೆ. ನನಗೆ ಲೆಕ್ಕಕ್ಕಿಂತ ಇದೇ ದೊಡ್ಡ ಬುದ್ಧಿವಂತಿಕೆ ಅನ್ನಿಸುತ್ತದೆ. ಅಂಥ ಕಣ್ಣಿನ ಮುಂದೆ ನಾನು ಆಫೀಸ್ ಸಿಟ್ಟನ್ನು ಭುಜದಲ್ಲಿ ಹೊತ್ತು ತಂದು ನಗುಮುಖ ಮಾಡಿದರೆ ನಡೆಯುತ್ತದಾ?

ಒಂದು ಮಾತಿಗೆ ನನ್ನ ತಕರಾರಿದೆ. ದುಂಡನೆಯ ಬೇಲಿಯೊಳಗೆ ಕುದುರೆಯನ್ನು ಸುಸ್ತಾಗುವ ತನಕ ಓಡಿಸಿ, ಅದು ನಾಲಿಗೆ ಹೊರಳಿಸಿ ಬಾಯಿ ಆಡಿಸಿದರೆ "ಒಪ್ಪಿಕೊಂಡಿತು" ಅನ್ನುತ್ತಾರೆ ಕೆಲವು ಪಳಗಿಸುವವರು. ಬಾಯಿ ಆಡಿಸುವುದು ಬಹಳ ಸಲ ಟೆನ್ಷನ್ ಇಳಿಯುವಾಗ ಕಾಣುವ ಲಕ್ಷಣ. ಅಂದರೆ ಅಲ್ಲಿಯವರೆಗೆ ಟೆನ್ಷನ್ ಇತ್ತು ಅಂತಲೇ ಅಲ್ವಾ? ಓಡಿ ಓಡಿ ಕೈಚೆಲ್ಲಿದ್ದನ್ನು ನಂಬಿಕೆ ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ತಟ್ಟುವುದನ್ನೂ ಬಿಟ್ಟೆ. ಕುದುರೆಗಳು ಒಂದನ್ನೊಂದು ತಟ್ಟುವುದಿಲ್ಲ, ಕತ್ತು ಬೆನ್ನಿಗೆ ಸೇರುವ ಉಬ್ಬಿನ ಹತ್ತಿರ ಹಲ್ಲಿನಿಂದ ಕೆರೆದುಕೊಡುತ್ತವೆ. ಅಲ್ಲಿ ಕೆರೆದರೆ ಎದೆಬಡಿತವೂ ಇಳಿಯುತ್ತದೆ. ಇವಳಿಗೆ ಉಗುರಲ್ಲಿ ಗಟ್ಟಿಯಾಗಿ ಕೆರೆಯಬೇಕು. ಸರಿಯಾದ ಜಾಗ ಸಿಕ್ಕರೆ ಮೇಲ್ತುಟಿ ಉದ್ದ ಮಾಡಿ ಒಂದು ಕಡೆ ತಿರುಚುತ್ತಾಳೆ, ಆಗಿನ ಮುಖ ನೋಡಿದರೆ ನಗು ತಡೆಯಲು ಆಗುವುದಿಲ್ಲ.

ಈಗ ಹಾಲ್ಟರ್ ತೆರೆದು ಹಿಡಿದರೆ ಮೂತಿ ತಾನೇ ತೂರಿಸುತ್ತಾಳೆ. ಕೆಲವು ದಿನ ತೂರಿಸುವುದಿಲ್ಲ, ಆಗ ಐದು ನಿಮಿಷ ಕೆರೆದು ಮನೆಗೆ ಬರುತ್ತೇನೆ. ಹಿಂದಿನ ಎಡಗಾಲು ಮಾತ್ರ ಇನ್ನೂ ಕೊಡುವುದಿಲ್ಲ. ಎರಡು ಸೆಕೆಂಡ್ ಎತ್ತಿ, ಅವಳು ಕಸಿದುಕೊಳ್ಳುವ ಮೊದಲೇ ನಾನೇ ಕೆಳಗಿಡುತ್ತಿದ್ದೇನೆ. ಮೊನ್ನೆ ಐದು ಸೆಕೆಂಡ್ ಆಯಿತು. ನಿನ್ನೆ ಮತ್ತೆ ಎರಡು.